ಒಡೆದ ಕಂಠ

ನೀವು ನನ್ನ ಮುಖವನ್ನು ಕಂಡಿಲ್ಲ. ಕಾಣಬೇಕಾದ ಅಗತ್ಯವೂ ಇಲ್ಲ. ಮಾತು ಆರಂಭಿಸಿ ಇನ್ನೂ ಅರ್ಧ ನಿಮಿಷವಾಗಿಲ್ಲ, ಅಷ್ಟರಲ್ಲಿಯೇ ನನ್ನ ವಿಷಯವಾಗಿ ಎರಡು ಮೂರು ತೀರ್ಮಾನಗಳಿಗೆ ನೀವು ಬಂದುಬಿಟ್ಟಿದ್ದೀರಿ. ಮಾತನಾಡುತ್ತಿರುವವನು ಗಂಡಸು, ವಯಸ್ಸು ಎಪ್ಪತ್ತು ದಾಟಿದೆ, ಬಹುಶಃ ಬಹಳ ಕಾಲ ಮೇಷ್ಟರಾಗಿದ್ದವನಿರಬೇಕು. ಮೂರೂ ನಿಜ. ಆದರೆ ಇದನ್ನೆಲ್ಲ ನಿಮಗೆ ಹೇಳಿದವರು ಯಾರು? ನಾನಂತೂ ಹೇಳಲಿಲ್ಲ. ನನ್ನ ಗಂಟಲೊಳಗೆ ಎದುರುಬದುರಾಗಿ ಕುಳಿತಿರುವ, ಹೆಬ್ಬೆರಳಿನ ಉಗುರಿನ ಅಗಲಕ್ಕಿಂತ ಹೆಚ್ಚು ಉದ್ದವೇನೂ ಇಲ್ಲದ, ಎರಡು ಮಾಂಸದ ಮಡಿಕೆಗಳು ಹೇಳಿದವು.

ಈ ಹೊತ್ತು ಅವುಗಳ ವಿಷಯವನ್ನೇ ಮಾತನಾಡಬೇಕೆಂದಿದ್ದೇನೆ. ಮುಖವನ್ನು ಮರೆಮಾಡಿ ದನಿಯನ್ನಷ್ಟೇ ಮನೆಮನೆಗೆ ಕಳಿಸುವ ಬಾನುಲಿಗಿಂತ ಈ ವಿಷಯಕ್ಕೆ ತಕ್ಕ ಸ್ಥಳ ಬೇರೆ ಯಾವುದಿದೆ? ಆದರೆ ನಿಜ ಹೇಳುವುದಾದರೆ, ನನ್ನನ್ನು ಇಲ್ಲಿಗೆ ಎಳೆದು ತಂದದ್ದು ಕೇವಲ ಶಾಸ್ತ್ರದ ಕುತೂಹಲವಲ್ಲ. ಒಂದು ಹಳೆಯ ಅವಮಾನ, ಮತ್ತು ಕಳೆದ ಬೇಸಗೆಯ ರಜೆಗೆ ಊರಿಗೆ ಬಂದ ಮೊಮ್ಮಗನ ಸಪ್ಪೆ ಮುಖ.

ನಮ್ಮದು ತೀರ್ಥಹಳ್ಳಿ ಸೀಮೆಯ ಒಂದು ಸಣ್ಣ ಊರು. ತಂದೆಯವರು ಅಡಿಕೆ ತೋಟದ ದುಡಿಮೆಯ ನಡುವೆಯೂ ಕುಮಾರವ್ಯಾಸನನ್ನು ಬಿಡದೆ ಹಿಡಿದುಕೊಂಡಿದ್ದವರು. ಗಮಕದಲ್ಲಿ ಇಬ್ಬರಿರಬೇಕಷ್ಟೆ: ಪದ್ಯವನ್ನು ರಾಗವಾಗಿ ಓದುವವನೊಬ್ಬ, ಅದರ ಅರ್ಥವನ್ನು ಬಿಡಿಸಿ ಹೇಳುವವನೊಬ್ಬ. ನನಗೆ ಒಂಬತ್ತು ತುಂಬಿದಾಗಿನಿಂದ ವಾಚನ ನನ್ನ ಪಾಲಿಗೆ ಬಂದಿತ್ತು, ವ್ಯಾಖ್ಯಾನ ತಂದೆಯವರದು. ಸುತ್ತಲಿನ ನಾಲ್ಕು ಊರುಗಳಲ್ಲಿ "ಹುಡುಗನದು ಕಂಚಿನ ಕಂಠ" ಎಂದು ಹೇಳುತ್ತಿದ್ದರು. ಅದನ್ನು ಕೇಳಿಸಿಕೊಳ್ಳದವನಂತೆ ನಟಿಸುವುದನ್ನೂ ನಾನು ಬೇಗನೆ ಕಲಿತಿದ್ದೆ.

1964ರಲ್ಲಿ ನಮ್ಮ ಕಡೆ ಮಳೆ ಹಿಡಿಯುವುದು ತಡವಾಯಿತು. ಮಳೆ ತಡವಾದರೆ ವಿರಾಟಪರ್ವವನ್ನು ಓದಿಸುವ ವಾಡಿಕೆ ನಿಮಗೆ ಗೊತ್ತೇ ಇದೆ. ದೇವಸ್ಥಾನದ ಜಗಲಿಯಲ್ಲಿ ಐದು ದಿನದ ವಾಚನ ಗೊತ್ತಾಯಿತು. ನನಗಾಗ ಹದಿನಾಲ್ಕು ವರ್ಷ. ಮೂರನೆಯ ದಿನ, ಉತ್ತರಕುಮಾರ ಹೆಂಗಸರ ನಡುವೆ ಕುಳಿತು ಕೌರವರ ಸೇನೆಯನ್ನೇ ಹುಲ್ಲುಕಡ್ಡಿ ಮಾಡಿ ಆಡುವ ಭಾಗ ಬಂತು. ದನಿ ತಾರಕ್ಕೆ ಏರಿ ನಿಲ್ಲಬೇಕಾದ ಎಡೆ. ಏರಿತು, ಏರಿದ್ದು ನಡುವೆಯೇ ಸೀಳಿ, ಹುಂಜದ ಕೂಗಿನಂತಾಗಿ, ಮರುಕ್ಷಣದಲ್ಲಿ ಎಲ್ಲೋ ಬಾವಿಯ ತಳದಿಂದ ಕೇಳಿಬಂತು. ಮೊದಲಿಗೆ ಜನ ತಲೆದೂಗಿದರು. ಬಾಯಿಬಡುಕ ರಾಜಕುಮಾರನನ್ನು ಹುಡುಗ ಎಷ್ಟು ಚೆನ್ನಾಗಿ ಅಣಕಿಸಿದ ಎಂದು ಅವರು ತಿಳಿದಿದ್ದರು. ಮುಂದಿನ ಪದ್ಯದಲ್ಲಿಯೂ ಹಾಗೆಯೇ ಆದಾಗ ನಕ್ಕರು. ಅದರ ಮುಂದಿನದರಲ್ಲಿ ನಾನು ಪುಸ್ತಕವನ್ನು ಮುಚ್ಚಿದೆ.

ತಂದೆಯವರು ಗದರಲಿಲ್ಲ. ನಾಲ್ಕನೆಯ ದಿನಕ್ಕೆ ಪಕ್ಕದ ಊರಿನಿಂದ ಬೇರೊಬ್ಬ ವಾಚಕರನ್ನು ಕರೆಸಿದರು. "ಗಂಟಲು ಕೂಡಲಿ, ಆಮೇಲೆ ನೋಡೋಣ" ಎಂದಷ್ಟೇ ಹೇಳಿದರು. ಯಾವಾಗ ಕೂಡುತ್ತದೆ, ಏಕೆ ಒಡೆಯಿತು, ಇದು ಎಲ್ಲರಿಗೂ ಆಗುವುದೇ ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಮ್ಮ ಜ್ಯೇಷ್ಠಮಧು ಅಗಿಯಲು ಕೊಟ್ಟರು; ಕಲ್ಲುಸಕ್ಕರೆಗೆ ಮೆಣಸು ಸೇರಿಸಿ ಕೊಟ್ಟರು; ನಾನು ಕದ್ದು ತಿಂದ ಹುಣಿಸೆಹಣ್ಣಿನ ಮೇಲೆ ತಪ್ಪು ಹೊರಿಸಿದರು. ಊರಿನ ಹಿರಿಯರೊಬ್ಬರು, ಹುಡುಗನ ಅಪಸ್ವರಕ್ಕೆ ಬೆದರಿ ಮಳೆ ಘಟ್ಟದ ಕೆಳಗೇ ನಿಂತಿತು ಎಂದರು. ವಾಚನ ಮುಗಿದ ಎರಡನೆಯ ದಿನ ಮಳೆ ಬಂತೆನ್ನಿ. ಅದರ ಕೀರ್ತಿ ಪಕ್ಕದ ಊರಿನ ವಾಚಕರಿಗೆ ಹೋಯಿತು. ಸಂಗೀತ ಬಲ್ಲವರೆಂದು ಹೆಸರಾಗಿದ್ದ ಮತ್ತೊಬ್ಬರು ನನ್ನನ್ನು ಹಾಡಿಸಿ ನೋಡಿ, "ಒಡೆದ ಮಡಕೆಗೆ ಬೆಸುಗೆ ಇಲ್ಲಪ್ಪ" ಎಂದುಬಿಟ್ಟರು. ಅವರ ಮಾತನ್ನು ನಾನು ನಂಬಿದೆ. ಹದಿನಾಲ್ಕರ ಹುಡುಗ ಇಂಥ ಮಾತುಗಳನ್ನು ಬಹಳ ಗಟ್ಟಿಯಾಗಿ ನಂಬುತ್ತಾನೆ.

ಇನ್ನು ಆ ಮಡಿಕೆಗಳ ಕಡೆಗೆ ಬರುತ್ತೇನೆ. ನಿಮ್ಮ ಬೆರಳನ್ನು ಗಂಟಲಿನ ಮುಂಭಾಗದ ಉಬ್ಬಿನ ಮೇಲೆ ಮೆಲ್ಲಗೆ ಇಟ್ಟುಕೊಂಡು, "ಸ್ಸ್" ಎಂದು ಹಾವಿನಂತೆ ಬುಸುಗುಟ್ಟಿ ನೋಡಿ. ಬೆರಳಿಗೆ ಏನೂ ತಿಳಿಯದು. ಈಗ "ಮ್ಮ್" ಎನ್ನಿ. ಬೆರಳಿನ ಕೆಳಗೆ ದುಂಬಿಯೊಂದು ಸಿಕ್ಕಿಹಾಕಿಕೊಂಡಂತೆ ಅದಿರುತ್ತದೆ. ಈ ಭೇದವನ್ನು ನಮ್ಮ ಹಿಂದಿನ ಶಿಕ್ಷಾಶಾಸ್ತ್ರಕಾರರು ಬಹಳ ಚೆನ್ನಾಗಿ ಬಲ್ಲರು. ಕಂಠದ ಬಾಯಿ ತೆರೆದಿದ್ದರೆ ಬರುವುದು ಬರಿಯ ಶ್ವಾಸ, ಮುಚ್ಚಿದ್ದರೆ ಬರುವುದು ನಾದ ಎಂದು ಹೇಳಿ, ವಿವಾರ, ಸಂವಾರ ಎಂಬ ಹೆಸರುಗಳನ್ನೂ ಕೊಟ್ಟರು. ಅಘೋಷ, ಘೋಷ ಎಂದು ನಮ್ಮ ವರ್ಗೀಯ ವ್ಯಂಜನಗಳು ಸಾಲುಗೊಂಡಿರುವುದು ಇದೇ ತಿಳಿವಳಿಕೆಯ ಮೇಲೆ. ಯೂರೋಪಿನ ಧ್ವನಿಶಾಸ್ತ್ರಜ್ಞರು ಈ ಭೇದದ ನಿಜವಾದ ಕಾರಣವನ್ನು ಸ್ಪಷ್ಟವಾಗಿ ಗುರುತಿಸಿದ್ದು 19ನೆಯ ಶತಮಾನದಲ್ಲಿ, ಈ ಸಂಸ್ಕೃತ ಗ್ರಂಥಗಳ ಪರಿಚಯವಾದ ಮೇಲೆ. ನಮ್ಮ ಕೇಶಿರಾಜನೂ 13ನೆಯ ಶತಮಾನದಲ್ಲಿ 'ಶಬ್ದಮಣಿದರ್ಪಣ'ವನ್ನು ಬರೆಯುವಾಗ ಶಬ್ದದ ಹುಟ್ಟನ್ನು ಹೇಳದೆ ಬಿಡಲಿಲ್ಲ. ಜೀವನ ಇಚ್ಛೆಯಿಂದ, ಅನುಕೂಲವಾದ ಗಾಳಿಯ ನೆರವಿನಿಂದ, ನಾಭಿಯ ಮೂಲದಲ್ಲಿ ಶಬ್ದ ಕಹಳೆಯ ಹಾಗೆ ಹುಟ್ಟುತ್ತದೆ ಎಂಬುದು ಅವನ ಮಾತಿನ ಸಾರ. ಶಬ್ದದ ಬಣ್ಣ ಬಿಳುಪು ಎಂದೂ ಅವನು ಸೇರಿಸುತ್ತಾನೆ. ಅದರ ಗೊಡವೆ ನಮಗೆ ಬೇಡ. ಆದರೆ ಕಹಳೆ ಎಂದನಲ್ಲ, ಆ ಹೋಲಿಕೆಗಾಗಿ ಅವನಿಗೆ ಕೈಮುಗಿಯಬೇಕು. ವೀಣೆ ಎನ್ನಲಿಲ್ಲ ಅವನು.

ಏಕೆಂದರೆ ನಾವು ಇಂದು ಬಳಸುವ 'ಧ್ವನಿತಂತು' ಎಂಬ ಮಾತು ದಾರಿ ತಪ್ಪಿಸುವಂಥದು. ಫ್ರಾನ್ಸಿನ ವೈದ್ಯ ಆಂಟ್ವಾನ್ ಫೆರೈನ್ 1741ರಲ್ಲಿ ಸತ್ತವರ ಮತ್ತು ನಾಯಿಗಳ ಗಂಟಲಗೂಡುಗಳನ್ನು ಬಿಡಿಸಿ ತೆಗೆದು, ಕೆಳಗಿನಿಂದ ಗಾಳಿ ಊದಿ, ದನಿ ಬರುವುದನ್ನು ಕಂಡ. ಪಿಟೀಲಿನ ಜಾತಿಯ ವಾದ್ಯದ ತಂತಿಗಳು, ಗಾಳಿಯೇ ಕಮಾನು ಎಂದು ಅವನು ಕಲ್ಪಿಸಿಕೊಂಡ. ಅಲ್ಲಿಂದ ತಂತಿಯ ಹೆಸರು ಅಂಟಿಕೊಂಡಿತು. ವಾಸ್ತವವಾಗಿ ಅಲ್ಲಿ ತಂತಿ ಇಲ್ಲ. ಶ್ವಾಸನಾಳದ ತುದಿಯಲ್ಲಿ, ಬಲ ಎಡ ಗೋಡೆಗಳಿಂದ ಒಳಕ್ಕೆ ಚಾಚಿದ ಎರಡು ಮಡಿಕೆಗಳಿವೆ. ಮುಂದುಗಡೆ ಎರಡೂ ಒಂದೇ ಕಡೆ ನೆಟ್ಟಿವೆ. ಹಿಂದುಗಡೆ ಒಂದೊಂದೂ ಒಂದೊಂದು ಪುಟ್ಟ ಮೃದ್ವಸ್ಥಿಗೆ ಅಂಟಿಕೊಂಡು, ಬಾಗಿಲ ಕದಗಳಂತೆ ತೆರೆದು ಮುಚ್ಚಬಲ್ಲವು. ಉಸಿರಾಡುವಾಗ ತೆರೆದಿರುತ್ತವೆ. ನುಂಗುವಾಗ ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಅವುಗಳ ಮೊದಲ ಉದ್ಯೋಗ ಅದೇ, ಅನ್ನ ನೀರು ಶ್ವಾಸಕೋಶಕ್ಕೆ ಇಳಿಯದಂತೆ ಕಾವಲು ಕಾಯುವುದು. ಹಾಡು, ಮಾತು, ವೇದಘೋಷ, ಬೈಗುಳ ಇವೆಲ್ಲ ಆ ಕಾವಲುಗಾರ ಬಿಡುವಿನ ವೇಳೆಯಲ್ಲಿ ಕಲಿತ ವಿದ್ಯೆಗಳು.

ತೆಂಗಿನ ಗರಿಯನ್ನು ಸುತ್ತಿ ಪೀಪಿ ಮಾಡಿ ಊದಿದವರಿಗೆ ಮುಂದಿನದನ್ನು ವಿವರಿಸಬೇಕಾದ್ದೇ ಇಲ್ಲ. ಗರಿಯ ಎರಡು ತುಟಿಗಳು ತಾವಾಗಿ ಏನನ್ನೂ ಮಾಡುವುದಿಲ್ಲ. ಗಾಳಿ ಅವುಗಳನ್ನು ನಡುಗಿಸುತ್ತದೆ. ಗಂಟಲಲ್ಲಿಯೂ ಹಾಗೆಯೇ. ಮುಚ್ಚಿದ ಮಡಿಕೆಗಳ ಕೆಳಗೆ ಎದೆಯ ಗಾಳಿ ಒತ್ತಿ ನಿಲ್ಲುತ್ತದೆ. ಒತ್ತಡ ಹೆಚ್ಚಿದಾಗ ಮಡಿಕೆಗಳ ಕೆಳ ಅಂಚು ಮೊದಲು ಬಿರಿಯುತ್ತದೆ, ಅನಂತರ ಮೇಲಂಚು. ಗಾಳಿಯ ಒಂದು ಸಣ್ಣ ಗುಟುಕು ಹೊರಗೆ ನುಸುಳುತ್ತದೆ. ಒಡನೆಯೇ ಒತ್ತಡ ಇಳಿದು, ಮಡಿಕೆಗಳ ಸ್ವಂತ ಬಿಗುವೂ ಸೇರಿ, ಅವು ಮತ್ತೆ ಕೂಡಿಕೊಳ್ಳುತ್ತವೆ. ಮತ್ತೆ ಒತ್ತಡ, ಮತ್ತೆ ಬಿರುಕು. ಗಂಡಸಿನ ಮಾತಿನಲ್ಲಿ ಇದು ಸೆಕೆಂಡಿಗೆ ಸುಮಾರು 120 ಸಲ, ಹೆಂಗಸಿನಲ್ಲಿ 200ಕ್ಕೆ ಮೇಲೆ, ಮಗುವಿನಲ್ಲಿ 250ರಿಂದ 300 ಸಲ ನಡೆಯುತ್ತದೆ. ಈಗ ಹುಟ್ಟಿದ ಕೂಸಿನ ಅಳುವಿನಲ್ಲಿ 400ನ್ನೂ ದಾಟುತ್ತದೆ. ನಾನು ಹದಿನೈದು ನಿಮಿಷ ಮಾತನಾಡಿದರೆ, ಅದರಲ್ಲಿ ಅರ್ಧ ಕಾಲ ಮಾತ್ರ ಘೋಷವೆಂದು ಲೆಕ್ಕ ಹಿಡಿದರೂ, ನನ್ನ ಮಡಿಕೆಗಳು ಅರ್ಧ ಲಕ್ಷಕ್ಕೂ ಹೆಚ್ಚು ಸಲ ಒಂದನ್ನೊಂದು ತಟ್ಟಿರುತ್ತವೆ. ನಾನು ಆಯಾಸವೆಂದರೆ ನೀವು ನಂಬಬೇಕು.

ಇಷ್ಟು ಸರಳವಾದದ್ದಕ್ಕೂ ವಿದ್ವಾಂಸರು ಜಗಳವಾಡದೆ ಬಿಡಲಿಲ್ಲ. ಮಿದುಳು ಒಂದೊಂದು ಕಂಪನಕ್ಕೂ ಒಂದೊಂದು ಅಪ್ಪಣೆ ಕಳಿಸುತ್ತದೆಂದು ಫ್ರಾನ್ಸಿನ ರಾವುಲ್ ಹುಸ್ಸಾನ್ 1950ರಲ್ಲಿ ವಾದಿಸಿದ. ಗಾಳಿಯ ಒತ್ತಡ ಮತ್ತು ಮಾಂಸದ ಸ್ಥಿತಿಸ್ಥಾಪಕತೆ ಇವೆರಡೇ ಸಾಕೆಂದು ಹಾಲೆಂಡಿನ ವಾನ್ ಡೆನ್ ಬರ್ಗ್ 1958ರಲ್ಲಿ ನಿರೂಪಿಸಿದ ಮೇಲೆ ಆ ವಾದ ನಿಲ್ಲಲಿಲ್ಲ. ಮಿದುಳಿನ ಕೆಲಸ ಬಿಗುವನ್ನು ಗೊತ್ತುಮಾಡುವುದು ಮಾತ್ರ. ಗಂಟಲಗೂಡಿನ ಮುಂಭಾಗದ ಒಂದು ಜೊತೆ ಸ್ನಾಯುಗಳು ಮಡಿಕೆಗಳನ್ನು ಎಳೆದು ಉದ್ದ ಮಾಡಿದರೆ ಅಂಚು ತೆಳುವಾಗಿ, ಬಿಗಿಯಾಗಿ, ಶ್ರುತಿ ಏರುತ್ತದೆ. ಮಡಿಕೆಯೊಳಗಿನ ಸ್ನಾಯು ಗಿಡ್ಡವಾಗಿ ದಪ್ಪವಾದರೆ ಇಳಿಯುತ್ತದೆ. ಜಪಾನಿನ ಮಿನೋರು ಹಿರಾನೊ 1974ರಲ್ಲಿ ತೋರಿಸಿದಂತೆ, ಮಡಿಕೆ ಒಂದೇ ಮುದ್ದೆಯಲ್ಲ. ಒಳಗೆ ಸ್ನಾಯುವಿನ ಗಟ್ಟಿ ದೇಹ, ಮೇಲೆ ಲೋಳೆಯಂಥ ಮೆತ್ತನೆಯ ಹೊದಿಕೆ. ಕೆರೆಯ ಮೇಲೆ ತೆರೆ ಹರಿಯುವಂತೆ ಆ ಹೊದಿಕೆಯ ಮೇಲೆ ಅಲೆ ಹರಿಯುತ್ತದೆ. ನೆಗಡಿಯಲ್ಲಿ ಹೊದಿಕೆ ಊದಿಕೊಂಡಾಗ ನಮ್ಮ ದನಿ ನಮಗೇ ಅಪರಿಚಿತವಾಗುವುದು ಅದಕ್ಕಾಗಿ.

ಹೀಗೆ ಹುಟ್ಟಿದ ದನಿಯನ್ನು ಅಲ್ಲಿಯೇ ಕೇಳಿದರೆ ಅದು ಬರಿಯ ಪೀಪಿಯ ಗುಂಯ್‌ಗುಡುವಿಕೆ. ಅದಕ್ಕೆ ಅ, ಇ, ಉ ಎಂಬ ರೂಪವನ್ನೂ, ಇದು ಇಂಥವರ ದನಿ ಎಂಬ ಗುರುತನ್ನೂ ಕೊಡುವುದು ಮೇಲಿನ ಕೊಳವೆ: ಗಂಟಲು, ಬಾಯಿ, ಮೂಗು. ಕೇಶಿರಾಜನ ಕಹಳೆ ಇರುವುದು ಇಲ್ಲಿ.

ಬದುಕಿರುವ ಮನುಷ್ಯನ ಗಂಟಲೊಳಗೆ ಈ ಕೆಲಸವನ್ನು ಕಣ್ಣಾರೆ ಕಂಡವನ ಕಥೆಯನ್ನು ಹೇಳಬೇಕು. ಅವನು ವೈದ್ಯನಲ್ಲ, ಸಂಗೀತದ ಮೇಷ್ಟರು. ಮಾನ್ಯುಯಲ್ ಗಾರ್ಸಿಯಾ ಸ್ಪೇನಿನ ಪ್ರಸಿದ್ಧ ಗಾಯಕರ ಮನೆತನದವನು. ತಂಗಿಯರಾದ ಮರಿಯಾ ಮಾಲಿಬ್ರಾನ್ ಮತ್ತು ಪೌಲೀನ್ ವಿಯಾರ್ಡೊ ಯೂರೋಪಿನಲ್ಲೆಲ್ಲ ಹೆಸರು ಮಾಡಿದವರು. ಇವನೊಬ್ಬ ಮಾತ್ರ ಕಂಠ ಕೈಕೊಟ್ಟು, ಇಪ್ಪತ್ತರ ಹರೆಯದಲ್ಲಿಯೇ ರಂಗಭೂಮಿಯನ್ನು ಬಿಟ್ಟು, ಪಾಠ ಹೇಳಲು ಕುಳಿತ. 1854ರಲ್ಲಿ ಪ್ಯಾರಿಸಿನ ಒಂದು ಉದ್ಯಾನದಲ್ಲಿ ಅಡ್ಡಾಡುತ್ತಿದ್ದಾಗ, ಕಿಟಕಿಯ ಗಾಜಿನಲ್ಲಿ ಬಿಸಿಲು ಥಟ್ಟನೆ ಹೊಳೆದದ್ದನ್ನು ಕಂಡು ಅವನಿಗೊಂದು ಉಪಾಯ ಹೊಳೆಯಿತು. ದಂತವೈದ್ಯರ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಕೊಂಡು, ಬೆಚ್ಚಗೆ ಮಾಡಿ, ತನ್ನ ಕಿರುನಾಲಗೆಗೆ ಆನಿಸಿ ಹಿಡಿದು, ಇನ್ನೊಂದು ಕನ್ನಡಿಯಿಂದ ಅದರ ಮೇಲೆ ಬಿಸಿಲು ಹಾಯಿಸಿದ. ತನ್ನ ಗಂಟಲಗೂಡು ಬಾಯ್ದೆರೆದು ನಿಂತದ್ದನ್ನು ತಾನೇ ಕಂಡ. ಮರುವರ್ಷ ಲಂಡನ್ನಿನ ರಾಯಲ್ ಸೊಸೈಟಿಗೆ ತನ್ನ ಲೇಖನವನ್ನು ಒಪ್ಪಿಸಿದ. ಇಂದಿಗೂ ಗಂಟಲ ವೈದ್ಯರ ಕೈಯಲ್ಲಿ ಆ ಕನ್ನಡಿಯ ವಂಶಸ್ಥರಿದ್ದಾರೆ. ಗಾರ್ಸಿಯಾ 101 ವರ್ಷ ಬದುಕಿ 1906ರಲ್ಲಿ ತೀರಿಕೊಂಡ. ಕಂಠ ಕಳೆದುಕೊಂಡವನೇ ಕಂಠವನ್ನು ಕಾಣಲು ಹೊರಟದ್ದು ನನಗೆ ಆಕಸ್ಮಿಕವಾಗಿ ತೋರುವುದಿಲ್ಲ.

ಈಗ ಹದಿನಾಲ್ಕರ ಹುಡುಗನ ಗಂಟಲಿಗೆ ಬರೋಣ. ಹಸುಗೂಸಿನ ಮಡಿಕೆ ಮೂರು ಮಿಲಿಮೀಟರಿಗೆ ಹೆಚ್ಚಿರದು. ಅಲ್ಲಿಂದ ಹತ್ತು ಹನ್ನೊಂದರ ತನಕ ಹುಡುಗ ಹುಡುಗಿಯರಲ್ಲಿ ಅದು ಹೆಚ್ಚು ಕಡಮೆ ಒಂದೇ ಸಮನಾಗಿ, ಸದ್ದಿಲ್ಲದೆ ಬೆಳೆಯುತ್ತದೆ. ಆಮೇಲೆ ಹುಡುಗನ ವೃಷಣಗಳು ಟೆಸ್ಟೊಸ್ಟೆರೋನ್ ಎಂಬ ರಸವನ್ನು ಹೇರಳವಾಗಿ ಸುರಿಸತೊಡಗುತ್ತವೆ. ಮೀಸೆ ಚಿಗುರಿಸುವ ಈ ರಸಕ್ಕೆ ಗಂಟಲಗೂಡಿನ ಮೃದ್ವಸ್ಥಿಯೂ ಸ್ನಾಯುವೂ ವಿಶೇಷವಾಗಿ ಓಗೊಡುತ್ತವೆ. ಗುರಾಣಿಯಂತೆ ಮುಂದೆ ನಿಂತ ಮೃದ್ವಸ್ಥಿಯ ಎರಡು ಹಲಗೆಗಳು ಬೆಳೆದು ಹೆಚ್ಚು ಚೂಪಾಗಿ ಕೂಡುತ್ತವೆ. ಹೆಂಗಸರಲ್ಲಿ ಆ ಕೋನ ಸುಮಾರು 120 ಡಿಗ್ರಿಯಾದರೆ ಗಂಡಸಿನಲ್ಲಿ 90ರ ಹತ್ತಿರ. ಹುಡುಗನ ಕತ್ತಿನಲ್ಲಿ ಹೊಸದಾಗಿ ಎದ್ದು, ನುಂಗಿದಾಗಲೆಲ್ಲ ಮೇಲೆ ಕೆಳಗೆ ಓಡಾಡಿ ಅವನನ್ನು ನಾಚಿಸುವ ಉಬ್ಬು ಅದೇ. ಒಳಗಿನ ಮಡಿಕೆಗಳು ಶೇಕಡಾ 60ರಷ್ಟು ಉದ್ದವಾಗುತ್ತವೆ, ದಪ್ಪವೂ ಆಗುತ್ತವೆ. ಹುಡುಗಿಯರಲ್ಲಿ ಈ ಬೆಳವಣಿಗೆ ಅದರ ಅರ್ಧದಷ್ಟು. ಆದ್ದರಿಂದಲೇ ಹುಡುಗಿಯ ದನಿ ಎರಡು ಮೂರು ಸ್ವರಸ್ಥಾನ ಇಳಿದು ನಿಂತರೆ, ಹುಡುಗನದು ಹೆಚ್ಚು ಕಡಮೆ ಒಂದು ಇಡೀ ಸ್ಥಾಯಿ ಇಳಿಯುತ್ತದೆ. ನೆನ್ನೆಯ ಮಧ್ಯಷಡ್ಜ ಇಂದಿನ ತಾರಷಡ್ಜವಾಗಿಬಿಡುತ್ತದೆ. ಹುಡುಗಿಯರ ಕಂಠವೂ ಈ ವಯಸ್ಸಿನಲ್ಲಿ ಉಸಿರು ಬೆರೆತು ಮಂಕಾಗುತ್ತದೆ. ಯಾರೂ ನಗುವುದಿಲ್ಲವಾದ್ದರಿಂದ ಯಾರೂ ಗಮನಿಸುವುದಿಲ್ಲ. ಇದರ ಜೊತೆಗೆ ಹುಡುಗನ ಗಂಟಲಗೂಡು ಕತ್ತಿನಲ್ಲಿ ಕೆಳಕ್ಕೆ ಜಾರಿ, ಮೇಲಿನ ಕೊಳವೆಯೂ ನೀಳವಾಗುತ್ತದೆ. ವಯಸ್ಕ ಗಂಡಸಿನಲ್ಲಿ ಅದು ಸುಮಾರು 17 ಸೆಂಟಿಮೀಟರ್. ಶ್ರುತಿಯಲ್ಲಿ ಇಳಿಯುವುದರ ಜೊತೆಗೆ ದನಿಯ ಮೈಬಣ್ಣವೇ ಗಾಢವಾಗುವುದು ಇದರಿಂದ.

ಹಾಗಾದರೆ ಮೆಲ್ಲಗೆ ಇಳಿಯಬಾರದೆ? ಒಡೆಯುವುದೇಕೆ? ವೀಣೆಯನ್ನು ನುಡಿಸುತ್ತಿರುವಾಗಲೇ ಯಾರೋ ಅದರ ದಂಡಿಯನ್ನು ನೀಳಮಾಡಿ, ತಂತಿಯನ್ನು ದಪ್ಪ ಮಾಡುತ್ತಿದ್ದಾರೆಂದು ಊಹಿಸಿಕೊಳ್ಳಿ. ವೈಣಿಕನ ಬೆರಳುಗಳಿಗೆ ಹಳೆಯ ಮೆಟ್ಟಿಲುಗಳೇ ಅಭ್ಯಾಸ. ಇಷ್ಟು ಬಿಗಿದರೆ ಪಂಚಮ, ಇಷ್ಟು ಬಿಗಿದರೆ ತಾರಷಡ್ಜ ಎಂದು ಹುಡುಗನ ಮಿದುಳು ಹತ್ತು ವರ್ಷ ಕಲಿತ ಪಾಠ ನಾಲ್ಕಾರು ತಿಂಗಳಲ್ಲಿ ಸುಳ್ಳಾಗುತ್ತದೆ. ಎಳೆಯುವ ಸ್ನಾಯುವಿಗೂ ದಪ್ಪ ಮಾಡುವ ಸ್ನಾಯುವಿಗೂ ಹೊಂದಾಣಿಕೆ ತಪ್ಪಿ, ಇಡೀ ಮಡಿಕೆಯ ಕಂಪನದಿಂದ ಬರಿಯ ಅಂಚಿನ ಕಂಪನಕ್ಕೆ ದನಿ ಥಟ್ಟನೆ ನೆಗೆಯುತ್ತದೆ. ಆ ನೆಗೆತವೇ ದೇವಸ್ಥಾನದ ಜಗಲಿಯಲ್ಲಿ ಕೇಳಿದ ಹುಂಜದ ಕೂಗು. ಅಲ್ಲಿ ಒಡೆದದ್ದು ಏನೂ ಇರಲಿಲ್ಲ. ನಮ್ಮ ಭಾಷೆಯ ಆ ಕ್ರಿಯಾಪದವೊಂದು ನನ್ನ ಮೇಲೆ ಎಸಗಿದ ಅನ್ಯಾಯ ಸಣ್ಣದಲ್ಲ.

ಅತ್ಯಂತ ಬಿರುಸಿನ ಈ ಬದಲಾವಣೆ ಕೆಲವು ತಿಂಗಳ ಮಾತು. ಒಟ್ಟು ಒಂದು ಎರಡು ವರ್ಷಗಳಲ್ಲಿ ದನಿ ನೆಲೆಗೊಳ್ಳುತ್ತದೆ. ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟರಾಗಿ 35 ವರ್ಷ ಹಾಜರಿ ಕೂಗಿದವನು ನಾನು. ಬೇಸಗೆ ರಜೆ ಮುಗಿಸಿ ಬಂದ ಒಂಬತ್ತನೆಯ ತರಗತಿಯಲ್ಲಿ ತಲೆ ಎತ್ತದೆಯೇ ಹೆಸರು ಕೂಗಿದರೆ, "ಎಸ್ ಸಾರ್" ಎಂಬ ಉತ್ತರಗಳಲ್ಲಿ ನಾಲ್ಕೈದು ದನಿಗಳು ಯಾರದೆಂದೇ ತಿಳಿಯುತ್ತಿರಲಿಲ್ಲ. ಮಾರ್ಚಿ ತಿಂಗಳಲ್ಲಿ ಕೊಳಲಿನಂತಿದ್ದವನು ಜೂನ್ ತಿಂಗಳಲ್ಲಿ ತವಿಲಿನಂತೆ ಗುಡುಗುತ್ತಿದ್ದ. ತಾನೇ ಬೆಚ್ಚಿ ಸುತ್ತಲೂ ನೋಡುತ್ತಿದ್ದ. ನಗುವ ಮಕ್ಕಳನ್ನು ನಾನು ಗದರಿಸುತ್ತಿರಲಿಲ್ಲ. ಪಾಠ ನಿಲ್ಲಿಸಿ ಕರಿಹಲಗೆಯ ಮೇಲೆ ಗಂಟಲಿನ ಚಿತ್ರ ಬರೆಯುತ್ತಿದ್ದೆ.

ಪಶ್ಚಿಮದ ಇಗರ್ಜಿಗಳಲ್ಲಿ ತಾರಸ್ಥಾಯಿಯ ಹಾಡಿಕೆಯನ್ನು ಬಾಲಕರಿಗೇ ವಹಿಸಿದ್ದ ಕಾಲವೊಂದಿತ್ತು. ಅಲ್ಲಿ ಈ ಕಂಠದ ಪ್ರಶ್ನೆ ಹೊಟ್ಟೆಯ ಪ್ರಶ್ನೆಯಾಗಿತ್ತು. 1732ರಲ್ಲಿ ಹುಟ್ಟಿದ ಜೋಸೆಫ್ ಹೈಡನ್ ವಿಯೆನ್ನಾದ ಸಂತ ಸ್ಟೀಫನ್ನರ ಇಗರ್ಜಿಯ ಬಾಲಗಾಯಕ. ಅವನ ಕಂಠ ಬಲಿತಾಗ, ಇವನು ಹಾಡುವುದಿಲ್ಲ, ಕೂಗುತ್ತಾನೆ ಎಂದು ಮಹಾರಾಣಿ ಮರಿಯಾ ಥೆರೇಸಾ ಮೂದಲಿಸಿದಳೆಂದು ಕಥೆ. 1749ರ ಸುಮಾರಿಗೆ, ಹದಿನೇಳರ ಹೊತ್ತಿನಲ್ಲಿ, ಅವನು ಕೈಯಲ್ಲಿ ಕಾಸಿಲ್ಲದೆ ಬೀದಿಗೆ ಬಿದ್ದ. ಮುಂದೆ ನೂರಕ್ಕೂ ಹೆಚ್ಚು ಸಿಂಫನಿಗಳನ್ನು ಬರೆದನೆಂಬುದು ಆ ರಾತ್ರಿ ಅವನಿಗೆ ಗೊತ್ತಿರಲಿಲ್ಲವಲ್ಲ. ಅದೇ ಊರಿನ ಫ್ರಾಂಜ್ ಶೂಬರ್ಟ್ ಹದಿನೈದರ ಹುಡುಗನಾಗಿದ್ದಾಗ, ತಾನು ಹಾಡುತ್ತಿದ್ದ ಸ್ವರಪತ್ರದ ಅಂಚಿನಲ್ಲಿ, ತಾನು ಕಡೆಯ ಸಲ ಹುಂಜದಂತೆ ಕೂಗಿದ್ದು 1812ರ ಜುಲೈ 26ರಂದು ಎಂದು ಗೀಚಿಟ್ಟ. ಅವನಿಗೆ ತನ್ನನ್ನು ಕಂಡು ನಗುವ ಶಕ್ತಿ ಇತ್ತು; ನನಗೆ ಇರಲಿಲ್ಲ. ಇನ್ನೊಂದು ಸೋಜಿಗವಿದೆ. ಲೈಪ್‌ಜಿಗ್ಗಿನಲ್ಲಿ ಬಾಖ್ ನಡೆಸುತ್ತಿದ್ದ ಬಾಲಕರ ಗಾಯನ ತಂಡದ ದಾಖಲೆಗಳನ್ನು ಪರಿಶೀಲಿಸಿದವರು, 1727ರಿಂದ 1749ರ ನಡುವೆ ಅಲ್ಲಿ ಹುಡುಗರ ಕಂಠ ಬದಲಾಗುತ್ತಿದ್ದುದು ಹದಿನೇಳರ ಆಸುಪಾಸಿನಲ್ಲಿ ಎಂದು ಕಂಡುಕೊಂಡಿದ್ದಾರೆ. ಯುದ್ಧದ ವರ್ಷಗಳಲ್ಲಿ ಅದು ಇನ್ನೂ ತಡವಾಗುತ್ತಿತ್ತು. ಹೊಟ್ಟೆಗೆ ಸರಿಯಾಗಿ ಸಿಕ್ಕದ ಮೈ ಬೆಳೆಯುವುದನ್ನೂ ಮುಂದಕ್ಕೆ ಹಾಕುತ್ತದೆ. ಇಂದಿನ ಹುಡುಗರಲ್ಲಿ ಅದು ಹದಿಮೂರು ಹದಿನಾಲ್ಕಕ್ಕೇ ಬರುತ್ತದೆ.

ಈ ಬದಲಾವಣೆಯನ್ನು ಬಲವಂತದಿಂದ ತಡೆದವರೂ ಇದ್ದರು. ಇಟಲಿಯಲ್ಲಿ ಸುಕಂಠದ ಬಾಲಕರನ್ನು ಹರೆಯಕ್ಕೆ ಮುಂಚೆಯೇ ಶಸ್ತ್ರದಿಂದ ನಪುಂಸಕರನ್ನಾಗಿ ಮಾಡುತ್ತಿದ್ದರು. ಬೆಳೆದ ಎದೆಯ ಗಾಳಿ, ಬೆಳೆಯದ ಗಂಟಲಿನ ಮಡಿಕೆ. ಅವರಲ್ಲಿ ಅಗ್ರಗಣ್ಯನಾದ ಫಾರಿನೆಲ್ಲಿಯನ್ನು 1737ರಲ್ಲಿ ಸ್ಪೇನಿನ ದೊರೆ ಐದನೆಯ ಫಿಲಿಪ್ಪನ ಖಿನ್ನತೆಗೆ ಮದ್ದಾಗಿ ಅರಮನೆಗೆ ಕರೆಸಿಕೊಂಡರು. ಈ ಪರಂಪರೆಯ ಕೊನೆಯವರಲ್ಲಿ ಒಬ್ಬನಾದ ಅಲೆಸ್ಸಾಂಡ್ರೊ ಮೊರೆಸ್ಕಿಯ ಕಂಠ 1902 ಮತ್ತು 1904ರ ಧ್ವನಿಮುದ್ರಿಕೆಗಳಲ್ಲಿ ಉಳಿದಿದೆ. ನಾನು ಅದನ್ನು ಒಮ್ಮೆ ಕೇಳಿದ್ದೇನೆ. ಮತ್ತೊಮ್ಮೆ ಕೇಳುವ ಮನಸ್ಸಾಗಲಿಲ್ಲ.

ಇದರ ಎದುರಿಗೆ ನಮ್ಮ ಗಂಗೂಬಾಯಿ ಹಾನಗಲ್ಲರನ್ನು ನೆನೆಯುತ್ತೇನೆ. 1913ರಲ್ಲಿ ಹುಟ್ಟಿದ ಅವರ ಎಳೆಯ ವಯಸ್ಸಿನ ಧ್ವನಿಮುದ್ರಿಕೆಗಳಲ್ಲಿ ಇರುವುದು ತೆಳುವಾದ, ಎತ್ತರದ ಹೆಣ್ಣುದನಿ. ಗಂಟಲಿನ ಗಡ್ಡೆಗಳ ಚಿಕಿತ್ಸೆಯ ನಂತರ ಅದು ಗಂಡುದನಿ ಎನ್ನುವಷ್ಟು ದಪ್ಪವಾಯಿತು. ಅದು ಹರೆಯದ ಕೆಲಸವಲ್ಲ, ಬೇರೆಯೇ ಕಾರಣದ್ದು. ಆದರೆ ಹಳೆಯ ದನಿಗಾಗಿ ಕಾಯುತ್ತ ಕೂರದೆ, ಬಂದ ದನಿಯಲ್ಲಿಯೇ ಅವರು ಕಿರಾಣಾ ಘರಾಣೆಯ ಹಾಡಿಕೆಯನ್ನು ಕಟ್ಟಿದರು. 2009ರಲ್ಲಿ ತೀರಿಕೊಳ್ಳುವ ತನಕ ಆ ದನಿ ಒಂದು ನಾಡಿನ ಹೆಮ್ಮೆಯಾಗಿತ್ತು.

ನಾನು ಹಾಗೆ ಮಾಡಲಿಲ್ಲ. ಹದಿನಾರರ ಹೊತ್ತಿಗೆ ನನ್ನ ಗಂಟಲು ಕೂಡಿರಬೇಕು. ಅಷ್ಟರಲ್ಲಿ ಓದಿಗೆಂದು ಶಿವಮೊಗ್ಗದ ವಿದ್ಯಾರ್ಥಿನಿಲಯ ಸೇರಿದ್ದೆ. ರಜೆಗೆ ಬಂದಾಗ ತಂದೆಯವರು ಒಂದೆರಡು ಸಲ ಭಾರತವನ್ನು ಜಗಲಿಗೆ ತಂದಿಟ್ಟು ಸುಮ್ಮನೆ ಕುಳಿತದ್ದುಂಟು. ನಾನು ತೋಟದ ಕಡೆ ಹೋಗಿಬಿಡುತ್ತಿದ್ದೆ. ಅವರು ಹೋದದ್ದು 1981ರಲ್ಲಿ. ಆ ವರ್ಷ ದೀಪಾವಳಿಗೆ ಊರಿಗೆ ಹೋದವನು, ಕತ್ತಲಾಗಿದ್ದರಿಂದ ಅಂಗಳದಿಂದಲೇ "ಬಾಗಿಲು ತೆಗಿ" ಎಂದು ಕೂಗಿದೆ. ಅಮ್ಮ ಸೆರಗು ಹೊದ್ದುಕೊಳ್ಳುತ್ತ ಓಡೋಡಿ ಬಂದು ಬಾಗಿಲು ತೆರೆದರು. ನನ್ನನ್ನು ಕಂಡು, "ನೀನಾ... ನಾನು..." ಎಂದು ಅಷ್ಟಕ್ಕೇ ನಿಲ್ಲಿಸಿದರು. ಮಡಿಕೆಗಳ ಉದ್ದ, ಕೊಳವೆಯ ಅಳತೆ, ಬಾಯಿಯ ಗುಮ್ಮಟ ಇವೆಲ್ಲ ವಂಶದಿಂದ ಇಳಿದು ಬರುವಂಥವು. ಹದಿನಾಲ್ಕರಲ್ಲಿ ನನ್ನ ಕಂಠ ಎಲ್ಲಿಗೆ ಹೊರಟಿತ್ತೆಂಬುದು ನನಗೆ ಆ ರಾತ್ರಿ ತಿಳಿಯಿತು. ಅದು ತಂದೆಯವರ ಕಂಠದ ಕಡೆಗೆ ಹೊರಟಿತ್ತು.

ಬೆಂಗಳೂರಿನಲ್ಲಿರುವ ಮಗಳ ಮಗ ಆರನೆಯ ವಯಸ್ಸಿನಿಂದ ಸಂಗೀತ ಕಲಿಯುತ್ತಿದ್ದಾನೆ. ಐದೂವರೆ ಮನೆ ಶ್ರುತಿಗೆ ಹಾಡುತ್ತಿದ್ದವನು ಕಳೆದ ಏಪ್ರಿಲಿನಲ್ಲಿ ಬಂದಾಗ ಬಾಯಿಯನ್ನೇ ತೆರೆಯಲೊಲ್ಲ. ಯಾವುದೋ ಸ್ಪರ್ಧೆಯಲ್ಲಿ ಅನುಪಲ್ಲವಿಯ ಬಳಿ ಜಾರಿದೆ; ಮುಂದಿನ ಸಾಲಿನ ಮಕ್ಕಳು ನಕ್ಕಿದ್ದಾರೆ. "ನನ್ನ ವಾಯ್ಸ್ ಹೋಯ್ತು ಅಜ್ಜ" ಎಂದ. ಅವನನ್ನು ಕೂರಿಸಿಕೊಂಡು, ನಿಮಗೆ ಹೇಳಿದ್ದನ್ನೆಲ್ಲ, ಹೈಡನ್ನನ ಕಥೆಯೂ ಸೇರಿದಂತೆ, ಅವನಿಗೆ ಹೇಳಿದೆ. ಈ ಕಾಲದಲ್ಲಿ ಹಾಡನ್ನು ಪೂರ್ತಿ ಬಿಡಬೇಕಾಗಿಲ್ಲವೆಂಬುದು ಇಂದಿನ ಬಲ್ಲವರ ಅಭಿಪ್ರಾಯ. ಸಲೀಸಾಗಿ ಬರುವಷ್ಟರಲ್ಲಿ ಹಾಡಬಹುದು; ಹಳೆಯ ಎತ್ತರವನ್ನು ಎಳೆದು ಹಿಡಿಯಬಾರದು, ಕಿರುಚಬಾರದು, ನೋವಾದರೆ ನಿಲ್ಲಿಸಬೇಕು. ಹುಡುಗನಿಗೆ ತಕ್ಕಂತೆ ಶ್ರುತಿಯನ್ನು ಇಳಿಸಬೇಕೇ ಹೊರತು ಶ್ರುತಿಗೆ ತಕ್ಕಂತೆ ಹುಡುಗನನ್ನು ಎಳೆಯಬಾರದು.

ಮರುದಿನ ಬೆಳಗ್ಗೆ ಅವನು ತನ್ನ ಫೋನಿನಲ್ಲಿದ್ದ ತಂಬೂರಿಯನ್ನು ಹಚ್ಚಿದ. ಐದೂವರೆ ಆಗಲಿಲ್ಲ. ನಾಲ್ಕು ಆಗಲಿಲ್ಲ. ಮೂರಕ್ಕೆ ಇಳಿಸಿದಾಗ ಐದಾರು ಸ್ವರ ನಿಂತವು. ವಾರ ಕಳೆದು ನೋಡಿದರೆ ಅದೂ ಎರಡೂವರೆಗೆ ಇಳಿದಿತ್ತು. ಅವನಿಗೆ ಈಗ ಅದೊಂದು ಆಟವಾಯಿತು. ಪ್ರತಿದಿನವೂ ಕ್ಯಾಲೆಂಡರಿನ ಮೇಲೆ ಬರೆದಿಡತೊಡಗಿದ. ಒಂದು ದಿನ ಥಟ್ಟನೆ ತಿರುಗಿ, "ಅಜ್ಜ, ನಿಮ್ಮದು ಎಷ್ಟು ಮನೆ?" ಎಂದು ಕೇಳಿದ.

ನನಗೆ ಉತ್ತರ ಗೊತ್ತಿರಲಿಲ್ಲ. ಈ ಕಂಠದಲ್ಲಿ ನಾನು ಶ್ರುತಿ ಹಿಡಿದೇ ಇರಲಿಲ್ಲ. ಇಬ್ಬರೂ ಕುಳಿತು ಹುಡುಕಿದೆವು. ಎರಡು ಮನೆಗೆ ಒಗ್ಗಿತು. ಮುಪ್ಪಿನಲ್ಲಿ ಗಂಡಸರ ಮಡಿಕೆಗಳು ಸವೆದು ತೆಳುವಾಗಿ ದನಿ ತುಸು ಮೇಲೇರುತ್ತದೆ. ಹತ್ತಿಪ್ಪತ್ತು ವರ್ಷ ಮುಂಚೆ ಕೇಳಿದ್ದರೆ ಒಂದೋ ಒಂದೂವರೆಯೋ ಇದ್ದೀತು. ಅಟ್ಟದಿಂದ ತಂದೆಯವರ ಭಾರತವನ್ನು ಇಳಿಸಿ, ಧೂಳು ಒರೆಸಿ, ವಿರಾಟಪರ್ವವನ್ನು ತೆರೆದೆ. ಉತ್ತರಕುಮಾರ ಇನ್ನೂ ಹೆಂಗಸರ ನಡುವೆ ಕುಳಿತು ಜಂಬ ಕೊಚ್ಚುತ್ತಲೇ ಇದ್ದ. ನಾನು ಓದಿದೆ, ಹುಡುಗ ಅರ್ಥ ಕೇಳಿದ; ಕಾಫಿ ಆರುವಷ್ಟರಲ್ಲಿ ಏಳು ಪದ್ಯಗಳಾದವು. ಎರಡು ಕಡೆ ನನ್ನ ದನಿ ಸೀಳಿತು. ಅವನು ನಕ್ಕ, ನಾನೂ ನಕ್ಕೆ.